ಮಧ್ಯಾಹ್ನದ ತಾಟು

11 ನವೆಂಬರ್ 2024, ಸೋಮವಾರ

ಪಟ್ಟಿಯಲ್ಲಿ ಏಳು ಮಂದಿ ಬಸುರಿಯರು, ನಾಲ್ವರು ಬಾಣಂತಿಯರು. ಇವತ್ತು ಊಟಕ್ಕೆ ಬಂದವರು ನಾಲ್ವರು. ಹತ್ತಿ ಬಿಡಿಸುವ ದಿನಗಳು, ಹೊಲ ಊರಿನಿಂದ ದೂರ. ಒಂದು ಹೊತ್ತಿನ ಊಟಕ್ಕೆಂದು ಕೂಲಿ ಬಿಟ್ಟು ಯಾರು ನಡೆದು ಬರುತ್ತಾರೆ? ಅದು ಒಪ್ಪಬೇಕಾದ ಕಾರಣ. ಮೇಲಿನ ಓಣಿಯ ಇಬ್ಬರದು ಮಾತ್ರ ಬೇರೆ. ಮನೆಯಲ್ಲೇ ಇರುತ್ತಾರೆ, ಅಂಗನವಾಡಿ ಅವರ ಕಟ್ಟೆಯಿಂದ ಕಾಣುತ್ತದೆ. ಕೇಳಿದರೆ "ಪಿತ್ತ ಆಗೇತ್ರಿ ಟೀಚರ್" ಅನ್ನುತ್ತಾರೆ. ಆ ಪಿತ್ತ ಎಲ್ಲಿಯದು ಅಂತ ನನಗೂ ಗೊತ್ತು, ಅವರಿಗೂ ಗೊತ್ತು, ಒಲೆ ಮುಂದೆ ಕೂತ ಸಹಾಯಕಿಗೂ ಗೊತ್ತು. ಆಕೆ ಕೆಳಗಿನ ಕೇರಿಯವಳು. ಬ್ಯಾಳಿಗೆ ಅವಳು ಕೊಡುವ ಒಗ್ಗರಣೆ ಈ ಊರಲ್ಲಿ ಬೇರೆ ಯಾರ ಕೈಗೂ ಬರುವುದಿಲ್ಲ, ಪಿತ್ತದವರಿಗೆ ಅಷ್ಟು ನಷ್ಟ.

ಅನ್ನ, ಮೆಂತ್ಯದ ಸೊಪ್ಪು ಹಾಕಿದ ಬ್ಯಾಳಿ, ಕುದಿಸಿದ ತತ್ತಿ, ಪುಡಿಯಿಂದ ಕಾಸಿದ ಹಾಲು, ಶೇಂಗಾ ಚಿಕ್ಕಿ. 2017ರ ಅಕ್ಟೋಬರ್ 2ಕ್ಕೆ ಮಾತೃಪೂರ್ಣ ಯೋಜನೆ ಶುರುವಾದಾಗಿನಿಂದ ತಾಟು ಹೆಚ್ಚೂಕಡಿಮೆ ಇಷ್ಟೇ, ತಿಂಗಳಿಗೆ 25 ದಿನ. ತತ್ತಿ ತಿನ್ನದವರಿಗೆ ಮೊಳಕೆ ಕಾಳು. ಬಡಿಸುವುದು ಸುಲಭ. ಬಡಿಸಿದ್ದು ಬಸುರಿಯ ಹೊಟ್ಟೆಗೇ ಹೋಗುವಂತೆ ನೋಡಿಕೊಳ್ಳುವುದು ನನ್ನ ಕೆಲಸದ ಕಷ್ಟದ ಭಾಗ.

ಕಂಬಾರ ಓಣಿಯ ಹೊಸ ಸೊಸೆ ಮೊದಲ ಸಲ ಬಂದಿದ್ದಳು. ಇಪ್ಪತ್ತರ ಹುಡುಗಿ, ಐದನೇ ತಿಂಗಳು. ತಾಯಿ ಕಾರ್ಡಿನಲ್ಲಿ ತೂಕ 42 ಕೆಜಿ, ಎತ್ತರ 148 ಸೆಂಟಿಮೀಟರ್. ಮೊನ್ನೆ 9ನೇ ತಾರೀಖಿನ ತಪಾಸಣೆಯಲ್ಲಿ ರಕ್ತ 8.4. ಹನ್ನೊಂದು ಇರಬೇಕು. ಅನ್ನ ಅರ್ಧ ಉಂಡಳು. ನಾನು ಹಾಜರಿ ಪುಸ್ತಕದ ಕಡೆ ತಿರುಗಿದ್ದೇ ತಡ, ತತ್ತಿ ಸೆರಗಿನ ಗಂಟಿನೊಳಗೆ ಹೋಯಿತು. ಚಿಕ್ಕಿಯೂ ಹೋಯಿತು.

"ಯಾರಿಗೆ ತಂಗಿ?"

"ಮೈದುನ ಸಣ್ಣಾವ ಅದಾನ್ರಿ. ನಾ ಒಬ್ಬಾಕಿ ಇಲ್ಲಿ ತಿಂದು ಹೋದ್ರ ಅಂವ ಬಾಯಿ ನೋಡ್ತಾನ."

ಬಿಚ್ಚು ಅಂದೆ. ಬಿಚ್ಚಿದಳು. ತಲೆ ತಗ್ಗಿಸಿಕೊಂಡು, ಕಳವಿನ ಮಾಲು ತಿಂದ ಹಾಗೆ ಆ ತತ್ತಿ ತಿಂದಳು.

18 ನವೆಂಬರ್, ಸೋಮವಾರ

ಒಂದು ವಾರದಿಂದ ಆ ಹುಡುಗಿಯ ಸುಳಿವಿಲ್ಲ. ಸಂಜೆ ಮನೆಗೇ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕೂಡಲಿಕ್ಕೆ ಚಾಪೆ ಕೊಟ್ಟರು, ಚಹಾ ಇಟ್ಟರು, ಎಲ್ಲ ಮರ್ಯಾದೆಯೂ ಆಯಿತು. ಸೊಸೆಯನ್ನು ಯಾಕೆ ಕಳಿಸಲಿಲ್ಲ ಅಂದಿದ್ದಕ್ಕೆ ಮಾತ್ರ ರೊಟ್ಟಿಯ ಸಪ್ಪಳ ಜೋರಾಯಿತು.

"ನೀವು ಅನ್ನ ಹಾಕ್ತೀರಿ, ತತ್ತಿ ಹಾಕ್ತೀರಿ, ಹಾಲು ಕೊಡ್ತೀರಿ. ಹೊಟ್ಟ್ಯಾಗಿನ ಕೂಸು ದೊಡ್ಡದಾತಂದ್ರ ಹಡಿಯಾಕಿ ಯಾರು? ನೀವಾ?"

ಈ ಮಾತು ಊರಲ್ಲಿ ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ಮೂಢನಂಬಿಕೆ ಅಂತ ತರಬೇತಿಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಇವರದು ಒಂದು ಸಾಲಿನ ಕಥೆಯಲ್ಲ. ಹಿರಿಯ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ಎರಡು ದಿನ ಬ್ಯಾನಿ ತಿಂದಳು. ಮಳೆ ಬಂದು ಹಳ್ಳ ತುಂಬಿತ್ತು, ಗಾಡಿ ದಾಟಲಿಲ್ಲ. ಬೆಳಗಾಗುವುದರೊಳಗೆ ತಾಯಿ ಮಗು ಎರಡೂ ಇಲ್ಲ. "ಕೂಸು ದೊಡ್ಡದಿತ್ತು ಅಂದ್ಳು ಸೂಲಗಿತ್ತಿ" ಎಂದು ಹೇಳಿ, ಸೆರಗಿನಿಂದಲ್ಲ, ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡರು.

ಅಂಥವರಿಗೆ ಪೋಷಕಾಂಶ ಅಂತ ಏನು ಪಾಠ ಹೇಳುವುದು? ಆಸ್ಪತ್ರೆ ಇಲ್ಲದ, 108 ಇಲ್ಲದ ಕಾಲದಲ್ಲಿ ಕಡಿಮೆ ಉಣ್ಣಿಸುವುದೇ ಒಬ್ಬ ತಾಯಿಗೆ ತೋಚಿದ ಎಚ್ಚರಿಕೆ. ಕೂಸು ಸಣ್ಣದಿದ್ದರೆ ಸೊಸೆಯಾದರೂ ಉಳಿದಾಳು ಎಂಬ ಲೆಕ್ಕ. ಲೆಕ್ಕ ತಪ್ಪು, ಅದರ ಹಿಂದಿನ ಹೆದರಿಕೆ ತಪ್ಪಲ್ಲ.

ನಾನು ಒಂದೇ ಮಾತು ಹೇಳಿ ಬಂದೆ. "ಯವ್ವಾ, ಹೊಟ್ಟಿಗೆ ಕಡಿಮಿ ಹಾಕಿದ್ರ ಕೂಸಿನ ತಲಿಗಿಂತ ಮೊದ್ಲು ತಾಯಿ ರಕ್ತ ಕಡಿಮಿ ಆಗ್ತದ. ಹಡಿಯೂ ಹೊತ್ತಿಗೆ ಬೇಕಾಗೂದು ಅದ. 8.4 ಇದ್ದಾಕಿಗೆ ಸ್ವಲ್ಪ ಹೆಚ್ಚು ರಕ್ತ ಹೋದ್ರೂ ತಡಕೊಳ್ಳಾಕ ಆಗಂಗಿಲ್ಲ." ಅವರು ಏನೂ ಅನ್ನಲಿಲ್ಲ. ಸೊಸೆ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು.

ಆ ಮನೆಯ ಊಟದ ಸರದಿ ನೋಡಿಕೊಂಡೇ ಬಂದೆ. ಮೊದಲು ಮಾವ ಮತ್ತು ಗಂಡ, ಆಮೇಲೆ ಮೈದುನ, ಆಮೇಲೆ ಅತ್ತೆ. ಪಲ್ಯದ ಬೋಗುಣಿ ಸೊಸೆಯ ಹತ್ತಿರ ಬರುವಾಗ ತಳದಲ್ಲಿ ಎಣ್ಣೆ, ನಾಲ್ಕು ಎಲೆ. ರೊಟ್ಟಿಗೆ ಬರ ಇರಲಿಲ್ಲ. ಆಕೆ ಖಾರದ ಜೊತೆ ಎರಡು ರೊಟ್ಟಿ ತಿಂದು ಎದ್ದಳು. ಯಾರೂ ಅವಳಿಗೆ ಬೇಡ ಅನ್ನಲಿಲ್ಲ. ಉಳಿದಿರಲಿಲ್ಲ, ಅಷ್ಟೇ.

27 ನವೆಂಬರ್, ಬುಧವಾರ

ತಾಲೂಕಿನಲ್ಲಿ ತರಬೇತಿ. ಮೊಬೈಲಿನಲ್ಲಿ ಯಾವ ಕಾಲಂ ಹೇಗೆ ತುಂಬಬೇಕು ಅನ್ನುವುದರಲ್ಲೇ ಮುಂಜಾನೆ ಕಳೆಯಿತು. ಮಧ್ಯಾಹ್ನದ ಮೇಲೆ ಒಬ್ಬ ವೈದ್ಯೆ ಮಾತಾಡಿದರು. ಹಾಳೆ ನೋಡದೆ ಮಾತಾಡುವವರು, ನಿದ್ದೆ ಹಾರಿಹೋಯಿತು.

ಬಸುರಿಗೆ ಇಬ್ಬರ ಊಟ ಬೇಕು ಅನ್ನುವ ಮಾತನ್ನೂ ಅವರು ಒಪ್ಪಲಿಲ್ಲ, ಕಡಿಮೆ ಉಣ್ಣಬೇಕು ಅನ್ನುವುದನ್ನೂ ಒಪ್ಪಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ಹೆಚ್ಚಿಗೆ ಬೇಕಾದದ್ದು 350 ಕ್ಯಾಲೊರಿ. ನಮ್ಮ ಭಾಷೆಯಲ್ಲಿ ಹೇಳಿದರೆ ಇನ್ನೊಂದು ರೊಟ್ಟಿ, ಒಂದು ಬಟ್ಟಲು ಗಟ್ಟಿ ಬ್ಯಾಳಿ, ಒಂದು ಹಿಡಿ ಶೇಂಗಾ. ಇಷ್ಟಕ್ಕೇ ಊರೆಲ್ಲ ಜಗಳ!

ಆಮೇಲೆ ಹೇಳಿದ ಕಥೆ ಬರೆದಿಡಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದರು. ಅಲ್ಲಿನ ಜವಳಿ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಾದಾಗ ಬಿಳಿಚಿಕೊಂಡು ಸಾಯುತ್ತಿದ್ದರು. ಕಾರಣ ಯಾವುದೋ ಸೋಂಕಿರಬಹುದು ಅಂತ ಕೆಲವರ ಊಹೆ. ಲೂಸಿ ವಿಲ್ಸ್ ಅವರ ಮನೆಗಳಲ್ಲಿ ಏನು ಬೇಯುತ್ತದೆ, ಅವರು ಏನು ತಿನ್ನುತ್ತಾರೆ ಅಂತ ನೋಡಿದರು. ಹಣ್ಣು, ಸೊಪ್ಪು, ಹಾಲು ಅವರ ಊಟದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೊನೆಗೆ ಇಂಗ್ಲೆಂಡಿನವರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಮಾರ್ಮೈಟ್ ಎಂಬ ಈಸ್ಟಿನ ಕರಿಯ ಲೇಹ್ಯ ಕೊಟ್ಟು ನೋಡಿದರು. ಬಿಳಿಚಿದ ಮುಖಗಳಿಗೆ ಬಣ್ಣ ಬಂತು. 1931ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅದರೊಳಗಿನ ವಸ್ತು ಏನು ಅನ್ನೋದು ಮಾತ್ರ ಆಗ ತಿಳಿದಿರಲಿಲ್ಲ. ಹತ್ತು ವರ್ಷದ ಮೇಲೆ ಅಮೆರಿಕದಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. 1945ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥ ನಮ್ಮ ಪಕ್ಕದ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಅದೇ ಫೋಲಿಕ್ ಆಮ್ಲ. ನಾನು ಇಷ್ಟು ವರ್ಷದಿಂದ ಹಂಚುತ್ತಿರುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂನಷ್ಟು ಕೂತಿರುವುದು ಮುಂಬೈಯ ಆ ಗಿರಣಿ ಹೆಂಗಸರ ದೆಸೆಯಿಂದ. ಕೂಸಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳೊಳಗೆ, ಅದಕ್ಕೆ ಈ ಆಮ್ಲ ಬೇಕು ಅಂದರು ವೈದ್ಯೆ. ನಮ್ಮಲ್ಲಿ ಹೆಸರು ಹಚ್ಚಿಸಲು ಬರುವಾಗ ಮೂರು ತಿಂಗಳು ದಾಟಿರುತ್ತದೆ. ಹೊಸದಾಗಿ ಮದುವೆಯಾದವರ ಮನೆಗೂ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಬೇಕು.

ಇನ್ನೊಂದು ನಮ್ಮ ರಾಜ್ಯದ್ದೇ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರು ಮಿಷನ್ ಆಸ್ಪತ್ರೆ ಅನ್ನುವುದು, 1934ರಿಂದಲೂ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಪುಸ್ತಕಗಳನ್ನು ಹಿಡಿದು, ಹಾಗೆ ಹುಟ್ಟಿ ನಡುವಯಸ್ಸಿಗೆ ಬಂದಿದ್ದ 517 ಜನರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದು ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ. 3.1 ಕೆಜಿ ದಾಟಿದವರಲ್ಲಿ ನೂರಕ್ಕೆ 3. ಅತಿ ಹೆಚ್ಚು, ನೂರಕ್ಕೆ 20, ಕಂಡದ್ದು ಸಣ್ಣ ಕೂಸಾಗಿ ಹುಟ್ಟಿದ್ದಲ್ಲದೆ ಬಸುರಿನಲ್ಲಿ ತಾಯಿಯ ತೂಕವೂ 45 ಕೆಜಿಗಿಂತ ಕಡಿಮೆ ಇದ್ದವರಲ್ಲಿ.

ನನಗೆ ಕಂಬಾರ ಓಣಿಯ 42 ಕೆಜಿ ನೆನಪಾಯಿತು. ಸಣ್ಣ ಕೂಸು ಸಲೀಸು ಅನ್ನುವ ಅತ್ತೆಗೆ ಇದನ್ನು ಹೇಗೆ ಹೇಳುವುದು? ಐವತ್ತು ವರ್ಷದ ಆಚೆ ಬರುವ ಎದೆನೋವನ್ನು ತೋರಿಸಿ ಯಾರನ್ನೂ ಹೆದರಿಸಲಾಗದು.

9 ಡಿಸೆಂಬರ್, ಸೋಮವಾರ

ತಪಾಸಣೆ ದಿನ. ಹುಡುಗಿಯ ರಕ್ತ 8.6. ದಿನಕ್ಕೆ ಎರಡು ಕೆಂಪು ಗುಳಿಗೆ ಕೊಟ್ಟು ತಿಂಗಳಾಗಿದೆ, ಕನಿಷ್ಠ ಒಂದಾದರೂ ಏರಬೇಕಿತ್ತು. ಗುಳಿಗೆ ಹಿತ್ತಲಿಗೆ ಬಿಸಾಡುತ್ತಾಳೇನೋ ಅಂತ ನರ್ಸ್ ಅನುಮಾನಪಟ್ಟರು. ಚೀಟಿಗಳನ್ನು ತಂದಿದ್ದಳು, ಒಂದೂ ಬಿಟ್ಟಿಲ್ಲ.

ಹೆಂಗ ತೊಗೊತೀ ಅಂತ ಕೇಳಿದರೆ ಎಲ್ಲ ಹೊರಬಿತ್ತು. ಬೆಳಗ್ಗೆ ಎದ್ದ ಕೂಡಲೇ ಒಂದು ಕಪ್ ಚಹಾ, ಅದರ ಜೊತೆಗೇ ಎರಡು ಕೆಂಪು, ಎರಡು ಬಿಳಿ ಕ್ಯಾಲ್ಸಿಯಂ ಗುಳಿಗೆ. ಒಂದೇ ಗುಟುಕಿಗೆ ದಿನದ ಕೆಲಸ ಮುಗಿಸುತ್ತಾಳೆ. ಚಹಾದ ಒಗರು ಕಬ್ಬಿಣವನ್ನು ಹಿಡಿದಿಡುತ್ತದೆ, ಕ್ಯಾಲ್ಸಿಯಮ್ಮೂ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ನುಂಗಿದ್ದರಲ್ಲಿ ಬಹುಪಾಲು ಬಂದ ದಾರಿ ಹಿಡಿದು ಹೋಗಿದೆ. ಮಲ ಕಪ್ಪಗಾಗಿದ್ದನ್ನು ನೋಡಿ ಹೆದರಿದ್ದಳಂತೆ, ಆದರೂ ಬಿಟ್ಟಿರಲಿಲ್ಲ. ಇಷ್ಟು ಶ್ರದ್ಧೆ ಇರುವವಳಿಗೆ ಯಾರೂ ಹೊತ್ತು ಹೇಳಿಕೊಟ್ಟಿರಲಿಲ್ಲ.

ಹೊಸ ಏರ್ಪಾಡು: ಬಿಳಿಯದು ಮುಂಜಾನೆ ರೊಟ್ಟಿಯ ಜೊತೆ ಒಂದು, ಸಂಜೆ ಒಂದು. ಕೆಂಪು ಹನ್ನೊಂದರ ಹೊತ್ತಿಗೆ ಒಂದು, ರಾತ್ರಿ ಮಲಗುವಾಗ ಒಂದು, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನಲ್ಲಿ. ಚಹಾ ಬೇಕಿದ್ದರೆ ಒಂದು ತಾಸು ಹಿಂದೆ ಮುಂದೆ. ಜಂತುಹುಳದ ಗುಳಿಗೆಯನ್ನು ವೈದ್ಯರು ಅಲ್ಲೇ ನುಂಗಿಸಿದರು, ಹೊಲದಲ್ಲಿ ಬರಿಗಾಲಲ್ಲಿ ತಿರುಗುವವರಿಗೆ ಅದು ಬೇಕೇ ಬೇಕು. ಮುಂದಿನ ತಿಂಗಳೂ ಏರದಿದ್ದರೆ ಕಬ್ಬಿಣವನ್ನು ನರಕ್ಕೇ ಕೊಡುತ್ತೇವೆ ಅಂದರು.

ವಾಪಸ್ ಬರುವಾಗ ಟಂಟಂನಲ್ಲಿ ಕೇಳಿದಳು: "ಗುಳಿಗಿ ತಿಂದ್ರ ಕೂಸು ಕರ್ರಗ ಆಗ್ತದಂತ, ಖರೇನಾ ಟೀಚರ್?" ಇಲ್ಲ ಅಂದೆ. ಆದರೇನು ಅಂತಲೂ ಕೇಳಬೇಕೆನಿಸಿತು.

17 ಡಿಸೆಂಬರ್, ಮಂಗಳವಾರ

ಅಗಸಿ ಹತ್ತಿರದ ಮನೆಯವಳು ಮಣ್ಣು ತಿನ್ನುತ್ತಾಳೆ. ಅವಳ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ, ಕೂತವಳ ಕೈಗೆ ಎಟಕುವ ಎತ್ತರದಲ್ಲಿ, ಅಂಗೈ ಅಗಲದ ಗುಳಿ. ಸಾರಿಸಿದ ಮೇಲೆ ಮತ್ತೆ ಕೆರೆದ ಗುರುತು. ಮಗನ ಪಾಟಿಚೀಲದ ಬಳಪವೂ ಉಳಿದಿಲ್ಲ. ಬೈದರೆ ಬಿಡುವಂಥ ಚಟ ಇದಲ್ಲ, ರಕ್ತ ಕಡಿಮೆಯಾದವರಲ್ಲಿ ಹೀಗೆ ಆಗುತ್ತದೆ. ಗಂಡ ಬೈದು ಬೈದು ಸೋತಿದ್ದಾನೆ. ರಕ್ತ ತೋರಿಸಲು ನಾಳೆಯೇ ಕರೆದೊಯ್ಯಬೇಕು.

ತೋಟದ ಮನೆಯವಳಿಗೆ ಮೂರನೇ ತಿಂಗಳು, ಏನು ತಿಂದರೂ ವಾಂತಿ. ಹಾಸಿಗೆ ಬಿಡುವ ಮುಂಚೆ ಒಂದು ಹಿಡಿ ಚುರುಮುರಿ ಒಣದಾಗಿ ತಿನ್ನಲಿ, ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ಉಣ್ಣಲಿ ಅಂತ ಹೇಳಿ ಬಂದೆ. ನೀರೂ ನಿಲ್ಲದಿದ್ದರೆ ಮನೆಯಲ್ಲಿ ಕೂಡಿಸಬೇಡಿ ಅಂತ ಗಂಡನಿಗೆ ಒತ್ತಿ ಹೇಳಿದೆ.

30 ಡಿಸೆಂಬರ್, ಸೋಮವಾರ

ಎಳ್ಳಮಾವಾಸ್ಯೆ. ಊರಿಗೆ ಊರೇ ಹೊಲದಲ್ಲಿ. ಕಂಬಾರ ಓಣಿಯವರು ಚರಗ ಚೆಲ್ಲಲು ಕರೆದಿದ್ದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಹಸಿ ಕಾಳುಗಳೆಲ್ಲ ಸೇರಿದ ಭಜ್ಜಿ, ಶೇಂಗಾ ಹೋಳಿಗೆ, ಅಗಸಿ ಹಿಂಡಿ, ಮೊಸರು. ಬಸುರಿಯ ಊಟದ ಬಗ್ಗೆ ಗೋಡೆಗೆ ಅಂಟಿಸುವ ಚಿತ್ರಪಟದಲ್ಲಿ ಸೇಬು, ಕಿತ್ತಳೆ, ಬ್ರೆಡ್ಡು ಬಿಡಿಸಿರುತ್ತಾರೆ. ಅದನ್ನು ಬರೆದವರನ್ನು ಇವತ್ತು ಈ ಬನ್ನಿ ಗಿಡದ ಬುಡಕ್ಕೆ ಕರೆತಂದು ಕೂಡಿಸಬೇಕಿತ್ತು. ಜೋಳಕ್ಕಿಂತ ಸಜ್ಜೆಯಲ್ಲಿ ಕಬ್ಬಿಣ ಹೆಚ್ಚು, ಭಜ್ಜಿಯಲ್ಲಿ ಕಾಳು, ಸೊಪ್ಪು ಎರಡೂ ಇವೆ, ಅಗಸಿ ಶೇಂಗಾದಲ್ಲಿ ಒಳ್ಳೆಯ ಎಣ್ಣೆ. ನಮ್ಮ ಬುತ್ತಿಯಲ್ಲಿ ಕೊರತೆಯಿಲ್ಲ. ವರ್ಷಕ್ಕೊಂದೇ ಸಲ ಎಲ್ಲರಿಗೂ ಒಟ್ಟಿಗೆ ಬಡಿಸುತ್ತೇವೆ, ಅದೇ ಕೊರತೆ.

ಸಜ್ಜೆ ರೊಟ್ಟಿಯ ಮೈತುಂಬ ಬಿಳಿ ಎಳ್ಳು. ಸೊಸೆಯ ತಾಟಿನ ರೊಟ್ಟಿ ಮಾತ್ರ ಬೋಳು. ಎಳ್ಳು ಕಾವು, ಬಸುರಿಗೆ ಬೇಡ ಅಂತ ಅತ್ತೆ ಅವಳಿಗೆಂದೇ ಬೇರೆ ತಟ್ಟಿ, ಬೇರೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಎಳ್ಳಿನಿಂದ ಏನೂ ಆಗುವುದಿಲ್ಲ, ಅದರಲ್ಲಿ ಸುಣ್ಣದಂಶ ಇದೆ ಅಂತ ಬಾಯಿತುದಿಗೆ ಬಂದಿತ್ತು, ತಡೆದುಕೊಂಡೆ. ಸೊಸೆಗೆಂದೇ ರೊಟ್ಟಿ ತಟ್ಟಿದ್ದಾರೆ, ಅದೂ ಮೂರು. ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂಡಿಸಿದ್ದಾರೆ. ಭಜ್ಜಿ ಎರಡು ಸಲ ಹಾಕಿದರು. ಎಳ್ಳಿಗೋಸ್ಕರ ಇಷ್ಟನ್ನು ಕೆಡಿಸಿಕೊಳ್ಳುವವಳು ಟೀಚರ್ ಆಗಲು ಲಾಯಕ್ಕಲ್ಲ.

ನಿಂಬೆಹಣ್ಣು ಎಲ್ಲಿ ಸಿಗುತ್ತಿದೆ ಅಂತ ಸೊಸೆಯನ್ನು ಮೆಲ್ಲಗೆ ಕೇಳಿದೆ. "ಅತ್ತೀನ ಸಂತ್ಯಾಗಿಂದ ತರ್ತಾರ್ರಿ" ಅಂದಳು.

9 ಜನವರಿ 2025, ಗುರುವಾರ

9.7! ನರ್ಸ್ ಇನ್ನೊಮ್ಮೆ ಬೆರಳು ಚುಚ್ಚಿ ನೋಡಿದರು, ಅಷ್ಟೇ ಬಂತು. ತೂಕ 45. ಹನ್ನೊಂದು ಮುಟ್ಟಲು ಇನ್ನೂ ದೂರವಿದೆ, ಗುಳಿಗೆ ಎರಡೂ ಮುಂದುವರಿಯಬೇಕು.

ಈ ಸಲ ಅತ್ತೆಯೂ ಬಂದಿದ್ದರು. ವೈದ್ಯರ ಎದುರು ಕೂತು, ತಾವು ಇಷ್ಟು ದಿನ ನನ್ನನ್ನು ಕೇಳುತ್ತಿದ್ದುದನ್ನು ನೇರ ಅವರನ್ನೇ ಕೇಳಿದರು: ಕೂಸು ದೊಡ್ಡದಾದರೆ ಏನು ಮಾಡ್ತೀರಿ? ವೈದ್ಯರು ನಗಲಿಲ್ಲ, ಅದೇ ಚಲೋ ಆಯಿತು. ಹುಡುಗಿಯ ಎತ್ತರ ಕಡಿಮೆ ಇರುವುದರಿಂದ ಹೆರಿಗೆಗೆ ತಾಲೂಕಾ ಆಸ್ಪತ್ರೆಗೇ ಬರಬೇಕು, ಬೇಕಾದರೆ ಆಪರೇಷನ್ ಮಾಡುವವರು ಅಲ್ಲಿರುತ್ತಾರೆ, ಕೊನೆಯ ವಾರ ಊರಲ್ಲೇ ಕೂಡಬೇಡಿ ಅಂದರು. ದಿನಾಂಕ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ಎಲೆ ಅಡಿಕೆಯ ಚಂಚಿಯಲ್ಲಿಟ್ಟುಕೊಂಡರು. ಆಮೇಲೆ ಸೊಸೆಯ ಊಟದ ಬಗ್ಗೆ ಅವರಿಂದ ಒಂದು ಮಾತೂ ಬರಲಿಲ್ಲ. ಹಳ್ಳ ತುಂಬಿದರೆ ಏನು ಗತಿ ಅನ್ನುವುದಕ್ಕೆ ಅವರಿಗೆ ಉತ್ತರ ಬೇಕಿತ್ತು. ಪ್ರೋಟೀನಿನ ಬಗ್ಗೆ ನಾನು ಕೊರೆದದ್ದೆಲ್ಲ ಅವರ ಮಟ್ಟಿಗೆ ಬೇರೆ ಯಾರದೋ ಪ್ರಶ್ನೆಗೆ ಕೊಟ್ಟ ಉತ್ತರ.

ಮೇಲಿನ ಓಣಿಯವರ ಪಿತ್ತ ಇನ್ನೂ ಇಳಿದಿಲ್ಲ. ಒಬ್ಬಳು ಗುಳಿಗೆ ಇಸಿದುಕೊಂಡಳು, ಊಟ ಬೇಡವಂತೆ.

21 ಜನವರಿ, ಮಂಗಳವಾರ

ಅಗಸಿ ಹತ್ತಿರದವಳು ಗಂಡನ ಜೊತೆ ಗುಳೆ ಹೋದಳು. ತೊಗರಿ ರಾಶಿ ಆಯಿತು, ಇನ್ನು ಊರಲ್ಲಿ ಕೆಲಸವಿಲ್ಲ. ಆರು ತಿಂಗಳ ಬಸುರಿ, ರಕ್ತ 9ರ ಕೆಳಗೆ, ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡದ ಕೆಲಸ. ಹೋಗಬೇಡ ಅನ್ನಲು ನನ್ನ ಹತ್ತಿರ ಏನಿದೆ? ತಾಯಿ ಕಾರ್ಡ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎರಡು ತಿಂಗಳ ಗುಳಿಗೆ, ಒಂದು ಪಾವು ಹುರಿದ ಶೇಂಗಾ ಕಟ್ಟಿ ಕಳಿಸಿದ್ದೆ. ಎಲ್ಲೇ ಇರು, ಹತ್ತಿರದ ಅಂಗನವಾಡಿಯಲ್ಲಿ ಹೆಸರು ಹಚ್ಚಿಸು ಅಂತಲೂ ಹೇಳಿದ್ದೆ.

ಇವತ್ತು ಫೋನ್. ಶೆಡ್ಡಿನಿಂದ ಸ್ವಲ್ಪ ದೂರದಲ್ಲೇ ಅಂಗನವಾಡಿ ಇದೆಯಂತೆ, ಅಲ್ಲಿನ ಟೀಚರ್ ಕಾರ್ಡ್ ನೋಡಿ ಹೆಸರು ಬರೆದುಕೊಂಡಿದ್ದಾರೆ. ತೊಡಕು ಬೇರೆ. ಅಲ್ಲಿ ಊಟ ಹನ್ನೆರಡೂವರೆಗೆ, ಮೇಸ್ತ್ರಿ ಊಟಕ್ಕೆ ಬಿಡುವುದು ಒಂದೂವರೆಗೆ. ಮೊದಲೇ ಎದ್ದರೆ ಅರ್ಧ ದಿನದ ಪಗಾರ ಕಡಿತ.

"ಡಬ್ಬಿ ಕೊಟ್ರ ಕಟಗೊಂಡು ಬರಬಹುದಲ್ರೀ ಟೀಚರ್?"

ಕಟ್ಟಿಕೊಂಡು ಹೋದ ಡಬ್ಬಿ ಶೆಡ್ಡಿನಲ್ಲಿ ಯಾರ ಯಾರ ಮುಂದೆ ತೆರೆದುಕೊಳ್ಳುತ್ತದೆ ಅಂತ ನನಗೆ ಗೊತ್ತು. ಮಗ ಇದ್ದಾನೆ, ಗಂಡ ಇದ್ದಾನೆ, ಪಕ್ಕದ ಶೆಡ್ಡಿನ ಮಕ್ಕಳಿದ್ದಾರೆ. ಆ ಟೀಚರ್ ನಂಬರ್ ಇಸಿದುಕೊಂಡು ನಾನೇ ಮಾತಾಡಿದೆ. ಬೆಂಗಳೂರಿನವರ ಕನ್ನಡ ಮೃದು, ನನ್ನದು ಜಗಳದ ಹಾಗೆ ಕೇಳಿಸಿರಬೇಕು. ಆದರೂ ಒಪ್ಪಿದರು: ಎರಡು ಗಂಟೆಯವರೆಗೆ ಬೀಗ ಹಾಕುವುದಿಲ್ಲ, ಅನ್ನ ಸಾರು ಮುಚ್ಚಿಟ್ಟಿರುತ್ತೇನೆ, ತತ್ತಿ ಎತ್ತಿಟ್ಟಿರುತ್ತೇನೆ, ಇಲ್ಲೇ ಕೂತು ಉಣ್ಣಲಿ ಅಂದರು. ಮಗನನ್ನೂ ಕರೆದುಕೊಂಡು ಬರಲಿ, ಅವನಿಗೆ ಬೇರೆ ಹಾಕೋಣ ಅಂದರು.

ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಕಾಂಕ್ರೀಟ್ ಮಷೀನಿನ ಸದ್ದು ಮಾತ್ರ. ಆಮೇಲೆ, "ಮೇಸ್ತ್ರಿಗೂ ನೀವಾ ಒಂದು ಫೋನ್ ಮಾಡ್ರಲಾ" ಅಂದಳು. ನಂಬರ್ ಬರೆದುಕೊಂಡಿದ್ದೇನೆ. ಬೆಳಗ್ಗೆ ಎಂಟಕ್ಕೆ, ಅವನು ಕೆಲಸ ಶುರುಮಾಡುವುದರೊಳಗೆ ಮಾತಾಡಬೇಕು.